ಎರಡು ಹಾಡುಗಳ ನಡುವೆ ನಿಂತವರು

(ಬೆಂಗಳೂರಿನಲ್ಲಿ ಗೆಳೆಯರ ರಂಗತಂಡವೊಂದರ ತಾಲೀಮು ಕೋಣೆಯಲ್ಲಿ ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ, ಎರಡು ಕೆಟ್ಟ ಜೋಕುಗಳನ್ನು ತೆಗೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕ್ಯಾಬರೆ ಬಗ್ಗೆ ಮಾತಾಡೋಕೆ ಹೋಗ್ತಿದ್ದೀನಿ ಅಂತ ಮನೆಯಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅಮ್ಮ ಕೇಳಿದರು: "ಬೇರೆ ವಿಷಯ ಸಿಗಲಿಲ್ವಾ?"

ಅಮ್ಮನ ತಪ್ಪಲ್ಲ. ನಮಗೆಲ್ಲ ಈ ಪದ ಸಿಕ್ಕಿದ್ದೇ ಸಿನಿಮಾದಿಂದ. ಖಳನಾಯಕನ ಅಡ್ಡೆ, ಬಣ್ಣದ ದೀಪ, ಹೊಗೆ, ಗಾಜಿನ ಲೋಟಗಳು. ನಡುವೆ ಜ್ಯೋತಿಲಕ್ಷ್ಮಿಯೋ ಜಯಮಾಲಿನಿಯೋ ಕುಣಿಯುತ್ತಿರುತ್ತಾರೆ. ಮೂಲೆಯಲ್ಲಿ ಹೀರೋ ಕುರುಚಲು ಗಡ್ಡ ಅಂಟಿಸಿಕೊಂಡು ಗಿಟಾರ್ ಹಿಡಿದು ನಿಂತಿರುತ್ತಾನೆ. ಆ ಗಡ್ಡ ನೋಡಿಯೂ ಅವನನ್ನು ಗುರುತು ಹಿಡಿಯದ ಖಳನಾಯಕನ ಬಗ್ಗೆ ನನಗೆ ಚಿಕ್ಕಂದಿನಲ್ಲೇ ಅನುಮಾನವಿತ್ತು. ಇರಲಿ. ಕ್ಯಾಬರೆ ಅಂದರೆ ಅರೆಬರೆ ಬಟ್ಟೆಯ ಕುಣಿತ ಅಂತ ನಮ್ಮಲ್ಲಿ ತೀರ್ಮಾನವಾಗಿಬಿಟ್ಟಿದೆ.

ಜರ್ಮನರು ಇದನ್ನು ಚೆನ್ನಾಗಿ ಬಿಡಿಸಿಕೊಂಡಿದ್ದಾರೆ. ಈಗ ಅವರಲ್ಲಿ ಈ ಒಂದೇ ಪದಕ್ಕೆ ಎರಡು ಕಾಗುಣಿತ. ಫ್ರೆಂಚರ ಥರ ಬರೆದರೆ ಕುಣಿತ, ಝಗಮಗ, ರಾತ್ರಿಯ ಮೋಜು. ಜರ್ಮನ್ ಥರ 'ಕಬರೆಟ್' ಅಂತ ಬರೆದರೆ ಮಾತು, ಹಾಡು, ಕೊಂಕು, ರಾಜಕೀಯದ ಗೇಲಿ. ನಾನು ಇವತ್ತು ಹೇಳೋದು ಎರಡನೆಯದರ ಬಗ್ಗೆ. ಊರು ಬರ್ಲಿನ್. ಕಾಲ ಸುಮಾರು 1901ರಿಂದ 1941. ಆದರೆ ಕುಣಿದವರ ಬಗ್ಗೆ ನಾನು ಜಾಸ್ತಿ ಹೇಳೋದಿಲ್ಲ. ಹಾಡಿದವರ ಬಗ್ಗೆ ಸ್ವಲ್ಪ ಹೇಳುತ್ತೇನೆ. ನನಗೆ ಬೇಕಾದವನು ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ತನಕ ಪರದೆಯ ಮುಂದೆ ನಿಂತು ಮಾತಾಡುವವನು.

ಯಾಕೆ ಅಂತ ಕೇಳಿದರೆ ನನ್ನದೇ ಒಂದು ಕಥೆ ಹೇಳಬೇಕು. ಬಹಳ ವರ್ಷದ ಹಿಂದೆ ನಮ್ಮ ಬಡಾವಣೆಯ ಗಣೇಶನ ಹಬ್ಬದಲ್ಲಿ ನನಗೆ ನಿರೂಪಣೆ ಒಪ್ಪಿಸಿದ್ದರು. ಚೀಟಿಯಲ್ಲಿದ್ದ ಹೆಸರು ಓದಿ ಇಳಿದು ಬಂದರೆ ಆಯಿತು. ಮೂರನೇ ಹಾಡು ಮುಗಿಯುವಷ್ಟರಲ್ಲಿ ಕರೆಂಟ್ ಹೋಯಿತು. ಜನರೇಟರ್ ಹುಡುಗ ಊಟಕ್ಕೆ ಹೋಗಿದ್ದ. ಇಪ್ಪತ್ತು ನಿಮಿಷ, ಕತ್ತಲು, ಮುಂದೆ ಮುನ್ನೂರು ಜನ. ನಾನು ಗಂಟಲು ಹರಿದುಕೊಂಡು ಮಾತಾಡಿದೆ. ಮೊದಲ ಐದು ನಿಮಿಷ ನರಕ. ಆಮೇಲೆ ಕತ್ತಲಿನಿಂದ ಯಾರೋ ಒಂದು ಮಾತು ಎಸೆದರು, ನಾನು ತಿರುಗಿ ಎಸೆದೆ. ಜನ ನಕ್ಕರು. ಕರೆಂಟ್ ಬಂದಾಗ ಒಬ್ಬ ಅಜ್ಜಿ "ಅಯ್ಯೋ, ಬಂದೇ ಬಿಡ್ತಾ?" ಅಂದರು. ಅವತ್ತಿನಿಂದ ನಡುವೆ ನಿಲ್ಲುವವರನ್ನು ಕಂಡರೆ ನನಗೆ ಒಂದು ಥರ ನೆಂಟಸ್ತಿಕೆ.

ಬರ್ಲಿನ್ನಿನಲ್ಲಿ ಅವನನ್ನು ಫ್ರೆಂಚ್ ಹೆಸರಿನಿಂದಲೇ ಕರೆಯುತ್ತಿದ್ದರು: ಕಾನ್ಫೆರಾನ್ಸಿಯೆ. ಹೆಸರೂ ಕಸುಬೂ ಎರಡೂ ಪ್ಯಾರಿಸ್ಸಿನಿಂದ ಬಂದದ್ದು. 1881ರಲ್ಲಿ ಮೊಂಮಾರ್ತ್ರ್ ಗುಡ್ಡದಲ್ಲಿ ರೊಡೊಲ್ಫ್ ಸಾಲಿ ಎಂಬವನು 'ಕಪ್ಪು ಬೆಕ್ಕು' ಅಂತ ಹೆಸರಿಟ್ಟು ಒಂದು ಮದ್ಯದಂಗಡಿ ತೆರೆದ. ಕವಿಗಳು ಬಂದು ಓದುತ್ತಿದ್ದರು, ಹಾಡುಗಾರರು ಹಾಡುತ್ತಿದ್ದರು, ಸಾಲಿ ನಡುವೆ ನಿಂತು ಬಂದ ಗಿರಾಕಿಗಳನ್ನು ಮಹಾರಾಜರೇ ಅಂತ ಕರೆದು ಕಾಲೆಳೆಯುತ್ತಿದ್ದ. ಬೈಸಿಕೊಳ್ಳೋಕೆ ದುಡ್ಡು ಕೊಟ್ಟು ಬರುವ ಜನ ಇದ್ದಾರೆ ಅಂತ ಅವನಿಗೆ ಗೊತ್ತಾಗಿತ್ತು. ನಮ್ಮ ಕಂಪನಿ ನಾಟಕಗಳಿಗೂ ಇದು ಹೊಸದಲ್ಲ. ಮಾಸ್ಟರ್ ಹಿರಣ್ಣಯ್ಯನವರು ಮುಂದಿನ ಸಾಲಿನಲ್ಲಿ ಕೂತ ಮಂತ್ರಿಗಳಿಗೆ ಚಾಟಿ ಬೀಸುವಾಗ ನಾಟಕ ಎಲ್ಲೋ ಪಕ್ಕದಲ್ಲಿ ಕಾಯುತ್ತಾ ನಿಂತಿರುತ್ತಿತ್ತು ಅಲ್ವಾ? ಜನ ಬರುತ್ತಿದ್ದದ್ದು ಆ ಬೀಸಿಗೇ.

ಬರ್ಲಿನ್ನಿಗೆ ಇದು 1901ರ ಜನವರಿಯಲ್ಲಿ ಬಂತು. ಅರ್ನ್ಸ್ಟ್ ಫಾನ್ ವೊಲ್ಜೊಗೆನ್ ಎಂಬ ಬ್ಯಾರನ್ ತೆರೆದ ರಂಗ ಅದು. ಆಗ ಚಕ್ರವರ್ತಿಯ ಆಳ್ವಿಕೆ. ವೇದಿಕೆಯ ಮೇಲೆ ಆಡುವ ಪ್ರತಿ ಸಾಲನ್ನೂ ಮೊದಲೇ ಬರೆದು ಪೊಲೀಸರಿಗೆ ಕೊಡಬೇಕಿತ್ತು. ಅವರು ಕೆಂಪು ಶಾಯಿಯಲ್ಲಿ ಹೊಡೆದು ಹಾಕಿದ್ದು ಹೋಯಿತು, ಉಳಿದದ್ದು ಆಡಬಹುದು. ಹಾಡಿಗೆ ಇದು ಸರಿ, ನಾಟಕಕ್ಕೂ ಸರಿ. ಆದರೆ ನಡುವೆ ನಿಂತು ಮಾತಾಡುವವನು ಏನು ಬರೆದು ಕೊಡಬೇಕು? ಅವನಿಗೇ ಗೊತ್ತಿರೋದಿಲ್ಲ. ಇವತ್ತು ಪತ್ರಿಕೆಯಲ್ಲಿ ಏನು ಬಂತು, ಮೂರನೇ ಮೇಜಿನಲ್ಲಿ ಯಾರು ತೂಕಡಿಸುತ್ತಿದ್ದಾರೆ, ಅದರ ಮೇಲೆ ಅವನ ಮಾತು ನಿಂತಿರುತ್ತದೆ. ಸೆನ್ಸಾರಿನ ಬಲೆಯಲ್ಲಿದ್ದ ತೂತು ಇವನೇ. ಈ ತೂತನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಮತ್ತೆ ಬರುತ್ತೇನೆ.

1918ರ ನವೆಂಬರಿನಲ್ಲಿ ಚಕ್ರವರ್ತಿ ಹೋದ. ಸೆನ್ಸಾರ್ ಕೂಡ ಹೋಯಿತು. ಬಾಗಿಲು ತೆರೆದ ಕೂಡಲೇ ಒಳಗೆ ನುಗ್ಗಿದ್ದು ರಾಜಕೀಯ ವಿಡಂಬನೆ ಅಂತ ಅಂದುಕೊಂಡಿರಾ? ಅಲ್ಲ. ಬೆತ್ತಲೆ ಕುಣಿತ. 1923ರ ನವೆಂಬರಿನಲ್ಲಿ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್. ಕೈಯಲ್ಲಿದ್ದ ದುಡ್ಡು ಬೆಳಗಾಗುವಷ್ಟರಲ್ಲಿ ರದ್ದಿ ಕಾಗದ. ಅಂಥ ಊರಿನಲ್ಲಿ ಜನ ಉಳಿತಾಯ ಮಾಡಲಿಲ್ಲ, ರಾತ್ರಿ ಹೊರಗೆ ಹೋದರು. ಅನೀಟಾ ಬೆರ್ಬರ್ ಎಂಬ ನರ್ತಕಿ ಆ ಕಾಲದ ಹಗರಣಗಳಿಗೆಲ್ಲ ಮುಖವಾದಳು. ಒಟ್ಟೊ ಡಿಕ್ಸ್ 1925ರಲ್ಲಿ ಅವಳನ್ನು ಕೆಂಪು ಉಡುಪಿನಲ್ಲಿ, ಕೆಂಪು ಗೋಡೆಯ ಮುಂದೆ ಚಿತ್ರಿಸಿದ. ಆ ಚಿತ್ರದಲ್ಲಿ ಮುದುಕಿಯ ಥರ ಕಾಣುತ್ತಾಳೆ. ಮೂರು ವರ್ಷದ ಮೇಲೆ ಸತ್ತಾಗ ಅವಳಿಗೆ 29. ಇವಳ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ, ನಾನು ಮುಂದೆ ಹೋಗುತ್ತೇನೆ.

ಕ್ಲೇರ್ ವಾಲ್ಡಾಫ್ ಎಂಬ ಹಾಡುಗಾರ್ತಿಯ ಹತ್ತಿರ ಮಾತ್ರ ಸ್ವಲ್ಪ ನಿಲ್ಲೋಣ. ಕುಳ್ಳಗೆ, ಗಟ್ಟಿಮುಟ್ಟಾಗಿದ್ದ ಹೆಂಗಸು. ಕೆಂಪು ಕೂದಲು, ಒರಟು ದನಿ. ಗಣಿಗಳ ಊರಾದ ಗೆಲ್ಸೆನ್‌ಕಿರ್ಷೆನ್‌ನಿಂದ ಬಂದವಳು. ಆದರೆ ಬರ್ಲಿನ್ನಿನ ಬೀದಿ ಮಾತನ್ನು ಅಲ್ಲೇ ಹುಟ್ಟಿದವರಿಗಿಂತ ಚೆನ್ನಾಗಿ ಹಾಡಿದಳು. ಹುಬ್ಬಳ್ಳಿಯವರು ಮಂಡ್ಯದ ಕನ್ನಡದಲ್ಲಿ ಹಾಡಿ ಮಂಡ್ಯದವರಿಂದಲೇ ಸೈ ಅನ್ನಿಸಿಕೊಂಡ ಹಾಗೆ. ಮೊದಲು ಸೂಟ್ ಹಾಕಿಕೊಂಡು ವೇದಿಕೆ ಹತ್ತಬೇಕು ಅಂತ ಆಸೆಪಟ್ಟಳು. ರಾತ್ರಿ 11ರ ಮೇಲೆ ಹೆಂಗಸರು ಗಂಡಸಿನ ಬಟ್ಟೆಯಲ್ಲಿ ವೇದಿಕೆಗೆ ಬರುವಂತಿಲ್ಲ ಅಂತ ಪೊಲೀಸರು ತಡೆದರು. ಸರಿ, ಲಂಗವನ್ನೇ ಹಾಕಿಕೊಂಡು ಹತ್ತಿದಳು. ಕೈ ಆಡಿಸಲಿಲ್ಲ, ಕುಣಿಯಲಿಲ್ಲ. ಕಂಬದ ಹಾಗೆ ನಿಂತು ಹಾಡಿದಳು, ಕಣ್ಣು ಮಾತ್ರ ಆಡುತ್ತಿತ್ತು. ಆಕೆಯ ಒಂದು ಹಾಡು ಹೆರ್ಮಾನ್ ಅಂತ ಹೆಸರಿರುವ ಪ್ರಿಯಕರನ ಬಗ್ಗೆ. ಮೊದಲ ಮಹಾಯುದ್ಧಕ್ಕೂ ಮುಂಚಿನದು, ತೀರಾ ನಿರುಪದ್ರವಿ. ಇಪ್ಪತ್ತು ವರ್ಷದ ಮೇಲೆ ಹೆರ್ಮಾನ್ ಗೋರಿಂಗ್ ಎಂಬವನು ಹಿಟ್ಲರನ ಸರ್ಕಾರದಲ್ಲಿ ದೊಡ್ಡ ಮನುಷ್ಯನಾದ. ಜನ ಅದೇ ಧಾಟಿಗೆ ತಾವೇ ಸಾಲು ಸೇರಿಸಿದರು: ಎಡಕ್ಕೂ ಪದಕ, ಬಲಕ್ಕೂ ಪದಕ, ಹೊಟ್ಟೆ ಬೆಳೀತಾನೇ ಇದೆ. ಆಕೆ ಬರೆದದ್ದಲ್ಲ, ಆಕೆ ಹಾಡಿದ್ದೂ ಅಲ್ಲ. ಹಾಡಿನಲ್ಲಿ ಹೆಸರಿತ್ತು, ಬಾಕಿದ್ದನ್ನು ಕೇಳುವವರು ತುಂಬಿದರು.

ಇನ್ನೊಬ್ಬಳು ಟ್ರೂಡೆ ಹೆಸ್ಟರ್‌ಬೆರ್ಗ್. 1921ರಲ್ಲಿ ಒಂದು ದೊಡ್ಡ ನಾಟಕ ಮಂದಿರದ ನೆಲಮಾಳಿಗೆಯಲ್ಲಿ 'ಕಾಡು ರಂಗ' ಅಂತ ತೆರೆದಳು. ಅಲ್ಲಿಗೆ ಒಂದು ಸಲ ಸಣಕಲು ಹುಡುಗನೊಬ್ಬ ಗಿಟಾರ್ ಹಿಡಿದು ಬಂದ. ಸತ್ತು ಹೂತ ಸೈನಿಕನನ್ನು ಅಗೆದು ತೆಗೆದು, ವೈದ್ಯರಿಂದ ಅರ್ಹ ಅಂತ ಬರೆಸಿ, ಮತ್ತೆ ಯುದ್ಧಕ್ಕೆ ಕಳಿಸುವ ಹಾಡು ಹಾಡಿದ. ಗಲಾಟೆ ಎದ್ದಿತು, ಪರದೆ ಇಳಿಸಬೇಕಾಯಿತು. ಆ ಹುಡುಗನ ಹೆಸರು ಬರ್ಟೋಲ್ಟ್ ಬ್ರೆಖ್ಟ್. ಇಲ್ಲಿ ಕೂತವರಲ್ಲಿ ಅರ್ಧ ಜನ ಅವನ ನಾಟಕದಲ್ಲಿ ಒಂದಲ್ಲ ಒಂದು ಪಾತ್ರ ಮಾಡಿದ್ದೀರಿ. ಕಥೆ ನಿಲ್ಲಿಸಿ ಮುಂದೆ ಬಂದು ಜನರ ಮುಖ ನೋಡಿ ಹಾಡುವುದನ್ನು ನಾವು ಅವನಿಂದ ಕಲಿತೆವು ಅನ್ನುತ್ತೇವೆ. ಅವನು ಅದನ್ನು ಕಲಿತ ಜಾಗಗಳಲ್ಲಿ ಇಂಥ ನೆಲಮಾಳಿಗೆಗಳೂ ಇದ್ದವು.

ಈಗ ನನ್ನ ಮನುಷ್ಯ. ವೆರ್ನರ್ ಫಿಂಕ್. 1902ರಲ್ಲಿ ಗೊರ್ಲಿಟ್ಸ್ ಎಂಬ ಊರಿನಲ್ಲಿ ಔಷಧದ ಅಂಗಡಿಯವರ ಮನೆಯಲ್ಲಿ ಹುಟ್ಟಿದವನು. ಉದ್ದ ಮುಖ, ಪೆದ್ದು ನಗು. 1929ರ ಅಕ್ಟೋಬರಿನಲ್ಲಿ ಗೆಳೆಯರ ಜೊತೆ ಸೇರಿ 'ಕಟಕೊಂಬೆ' ಅಂತ ಕಬರೆಟ್ ಶುರು ಮಾಡಿದ. ಹಳೇ ರೋಮಿನಲ್ಲಿ ನೆಲದಡಿ ಹೆಣ ಹೂಳುತ್ತಿದ್ದ ಸುರಂಗಗಳಿಗೆ ಆ ಹೆಸರು. ಜಾಗವೂ ಹೆಸರಿಗೆ ತಕ್ಕ ಹಾಗೆ ಒಂದು ನೆಲಮಾಳಿಗೆ. ಹೆಚ್ಚಿನ ಅಲಂಕಾರ ಇಲ್ಲ.

ಅವನನ್ನು ನಿರೂಪಕ ಅಂತ ಯಾವ ಶಾಲಾ ವಾರ್ಷಿಕೋತ್ಸವದಲ್ಲೂ ಆರಿಸುತ್ತಿರಲಿಲ್ಲ. ತೊದಲುತ್ತಿದ್ದ. ತಡವರಿಸುತ್ತಿದ್ದ. ಒಂದು ಮಾತು ಶುರು ಮಾಡಿ, ನಡುವೆ ಏನೋ ನೆನಪಾದವನ ಹಾಗೆ ಸುಮ್ನೆ ನಿಂತುಬಿಡುತ್ತಿದ್ದ. ಮಾತು ಪೂರ್ತಿ ಆಗುತ್ತಲೇ ಇರಲಿಲ್ಲ. ಆದರೆ ಎದುರಿಗೆ ಕೂತವರ ತಲೆಯಲ್ಲಿ ಆ ವಾಕ್ಯ ಪೂರ್ತಿಯಾಗುತ್ತಿತ್ತು. ಒಬ್ಬರ ತಲೆಯಲ್ಲಿ ಒಂದು ಕ್ಷಣ ಮೊದಲು, ಪಕ್ಕದವರ ತಲೆಯಲ್ಲಿ ಒಂದು ಕ್ಷಣ ಆಮೇಲೆ. ನಗು ಹಾಗೆ ಅಲೆಅಲೆಯಾಗಿ ಬರುತ್ತಿತ್ತು. ಅವನು ಮಾತ್ರ ಪಾಪದವನ ಹಾಗೆ ನೋಡುತ್ತಾ ನಿಂತಿರುತ್ತಿದ್ದ: ನಾನೇನು ಹೇಳಿದೆ? ಯಾಕೆ ನಗ್ತಿದ್ದೀರಿ?

ಹಿರಣ್ಣಯ್ಯನವರಿಗೂ ಫಿಂಕ್‌ಗೂ ಇಲ್ಲೇ ವ್ಯತ್ಯಾಸ. ಅವರು ಹೆಸರು ಹಿಡಿದು, ಪೂರ್ತಿ ವಾಕ್ಯದಲ್ಲಿ, ಮೈಕ್ ಬೇಡದ ದನಿಯಲ್ಲಿ ಬೈದರು. ಬೈದವರನ್ನು ಕೋರ್ಟಿಗೆ ಎಳೆಯಬಹುದು, ಅವರು ಅಲ್ಲಿ ವಾದ ಮಾಡಬಹುದು. ಫಿಂಕ್ ಇದ್ದ ಊರಿನಲ್ಲಿ 1933ರ ಮೇಲೆ ಅಂಥ ಕೋರ್ಟಿನ ಭರವಸೆ ಇರಲಿಲ್ಲ. ಅಲ್ಲಿ ಬದುಕಿ ಉಳಿಯಬೇಕಾದರೆ ಮಾತನ್ನು ಅರ್ಧಕ್ಕೆ ಬಿಡಬೇಕು. ತಮಾಷೆ ಏನೆಂದರೆ ಅವನು ಮೊದಲಿನಿಂದಲೂ ಹಾಗೇ ಮಾತಾಡುತ್ತಿದ್ದ. ಕಾಲ ಬಂದು ಅವನ ಶೈಲಿಗೆ ಹೊಂದಿಕೊಂಡಿತು ಅನ್ನಬೇಕೋ ಏನೋ.

ನಾಟ್ಸಿಗಳು ಬಂದಮೇಲೂ ಎರಡು ವರ್ಷ ಕಟಕೊಂಬೆ ನಡೆಯಿತು. ಗುಪ್ತ ಪೊಲೀಸರು ಬಂದು ಟಿಪ್ಪಣಿ ಪುಸ್ತಕ ಹಿಡಿದು ಕೂರುತ್ತಿದ್ದರು. ಫಿಂಕ್ ಅವರ ಕಡೆ ತಿರುಗಿ ಕೇಳಿದ: "ಜಾಸ್ತಿ ವೇಗವಾಗಿ ಮಾತಾಡ್ತಿದ್ದೀನಾ? ನನ್ನ ಜೊತೆ ಬರ್ತಾ ಇದ್ದೀರಾ? ಇಲ್ಲ, ನಾನೇ ನಿಮ್ಮ ಜೊತೆ ಬರಬೇಕಾ?" ಇನ್ನೊಂದು ರಾತ್ರಿ ಯಾರೋ ಅವನನ್ನು ಯಹೂದಿ ಅಂತ ಹಂಗಿಸಿ ಕೂಗಿದರು. ಅವನು ಯಹೂದಿಯಲ್ಲ. "ತಪ್ಪು ತಿಳ್ಕೊಂಡಿದ್ದೀರಿ, ನೋಡೋಕೆ ಮಾತ್ರ ಅಷ್ಟು ಬುದ್ಧಿವಂತನ ಥರ ಕಾಣ್ತೀನಿ" ಅಂದ.

ಅವನ ದರ್ಜಿಯ ಪ್ರಸಂಗ ಹೇಳಲೇಬೇಕು. ಗಿರಾಕಿಯೊಬ್ಬ ಸೂಟ್ ಹೊಲಿಸೋಕೆ ಬರುತ್ತಾನೆ. ದರ್ಜಿ ಅಳತೆ ತೆಗೆಯುತ್ತಾನೆ. ಬಲಗೈ ಎತ್ತಿ, ಮುಷ್ಟಿ ಕಟ್ಟಿ ಅನ್ನುತ್ತಾನೆ. ಟೇಪು ಹಿಡಿದು ಓದುತ್ತಾನೆ: ಹದಿನೆಂಟು, ಹತ್ತೊಂಬತ್ತು. ಜರ್ಮನಿಯಲ್ಲಿ ಕ್ರಾಂತಿ ನಡೆದದ್ದು 1918, 19ರಲ್ಲಿ. ಈಗ ಅಂಗೈ ಚಾಚಿ ಅನ್ನುತ್ತಾನೆ. ಮೂವತ್ತಮೂರು. ಹಿಟ್ಲರ್ ಬಂದದ್ದು 1933ರಲ್ಲಿ, ಚಾಚಿದ ಬಲಗೈ ಅವನಿಗೆ ಹೊಡೆಯುವ ಸಲಾಮು. ಅಳತೆ ಮುಗಿಯಿತು, ಗಿರಾಕಿ ಕೈ ಇಳಿಸುವುದೇ ಇಲ್ಲ. ಇದೇನು ಅಂತ ದರ್ಜಿ ಕೇಳಿದರೆ ಗಿರಾಕಿ ಎರಡೇ ಪದ ಹೇಳುತ್ತಾನೆ. ಜರ್ಮನ್ನಿನಲ್ಲಿ ಅದಕ್ಕೆ 'ಎತ್ತಿದ ಬಲಗೈ' ಅಂತಲೂ ಅರ್ಥ, 'ರದ್ದಾದ ಹಕ್ಕುಗಳು' ಅಂತಲೂ ಅರ್ಥ. ಇದನ್ನು ಕನ್ನಡಕ್ಕೆ ತರೋಕೆ ನಾನು ಎರಡು ದಿನ ಪರದಾಡಿದೆ. ಸಿಕ್ಕಿದ್ದು ಇಷ್ಟು: "ಬಲ ಎತ್ತಿಬಿಟ್ಟಿದ್ದಾರೆ." ಪರವಾಗಿಲ್ಲ ಅಲ್ವಾ? ಇದಕ್ಕಿಂತ ಒಳ್ಳೆಯದು ಹೊಳೆದರೆ ದಯವಿಟ್ಟು ಹೇಳಿ.

(ಮೊದಲ ಸಾಲಿನಲ್ಲಿದ್ದ ಒಬ್ಬರು "ಎತ್ತಂಗಡಿ" ಅಂದರು. ಕೆಟ್ಟದ್ದೇನಲ್ಲ.)

1935ರ ಮೇ ತಿಂಗಳಲ್ಲಿ ಕಟಕೊಂಬೆಗೆ ಬೀಗ ಬಿತ್ತು. ಇನ್ನೊಂದು ಕಬರೆಟ್‌ಗೂ ಅದೇ ದಿನ. ಫಿಂಕ್ ಮತ್ತು ಜೊತೆಗಾರರನ್ನು ಎಸ್ಟರ್‌ವೇಗೆನ್ ಎಂಬ ಜೌಗು ನೆಲದ ಯಾತನಾ ಶಿಬಿರಕ್ಕೆ ಕಳಿಸಿದರು. ಅಲ್ಲಿ ಕೈದಿಗಳ ಎದುರು ಅವನು ಕೊಟ್ಟ ಒಂದು ಪ್ರದರ್ಶನದ ಮಾತು ಉಳಿದು ಬಂದಿದೆ. ಅದರ ತಾತ್ಪರ್ಯ ಇದು: ನಾವು ಇಲ್ಲಿ ಇಷ್ಟು ಖುಷಿಯಾಗಿದ್ದೇವಲ್ಲ ಅಂತ ನಿಮಗೆ ಆಶ್ಚರ್ಯ. ಬರ್ಲಿನ್ನಿನಲ್ಲಿ ಹೀಗಿರಲಿಲ್ಲ. ಅಲ್ಲಿ ವೇದಿಕೆ ಹತ್ತಿದಾಗಲೆಲ್ಲ ಬೆನ್ನು ಹುರಿಯಲ್ಲಿ ಚಳಿ, ಶಿಬಿರಕ್ಕೆ ಹಾಕಿಬಿಡುತ್ತಾರೇನೋ ಅಂತ. ಈಗ ಆ ಹೆದರಿಕೆ ಇಲ್ಲ. ಒಳಗೇ ಇದ್ದೇವೆ.

ಸುಮಾರು ಏಳು ವಾರ ಇಟ್ಟುಕೊಂಡು ಬಿಟ್ಟರು. ಕೆತೆ ಡೋರ್ಷ್ ಎಂಬ ನಟಿ ಗೋರಿಂಗ್ ಹತ್ತಿರ ಮಾತಾಡಿದಳು. ಹಿಟ್ಲರನ ಪ್ರಚಾರ ಮಂತ್ರಿ ಗೋಬೆಲ್ಸ್‌ಗೂ ಗೋರಿಂಗ್‌ಗೂ ಆಗುತ್ತಿರಲಿಲ್ಲ, ಗೋಬೆಲ್ಸ್ ಹಿಡಿಸಿದವರನ್ನು ಬಿಡಿಸುವುದು ಗೋರಿಂಗ್‌ಗೂ ಖುಷಿಯೇ. ಆಮೇಲೆ ಕೋರ್ಟಿನಲ್ಲಿ ಕೇಸು ನಡೆದು ಸಾಕ್ಷ್ಯ ಸಾಲದೆ ಬಿದ್ದುಹೋಯಿತು. ಅರ್ಧ ವಾಕ್ಯಕ್ಕೆ ಸಾಕ್ಷ್ಯ ಎಲ್ಲಿಂದ ತರುತ್ತಾರೆ?

ಇಲ್ಲಿಗೆ ನಿಲ್ಲಿಸಿದರೆ ಕಥೆ ಚೆಂದ, ನೀವೂ ಚಪ್ಪಾಳೆ ತಟ್ಟಿ ಕಾಫಿಗೆ ಹೋಗಬಹುದು. ಆದರೆ ಫಿಂಕ್ ಬದುಕಿದ್ದಕ್ಕೆ ಒಂದು ದೊಡ್ಡ ಕಾರಣ ಅವನು ಯಹೂದಿಯಲ್ಲದೆ ಇದ್ದದ್ದು. ಬರ್ಲಿನ್ನಿನ ಈ ರಂಗವನ್ನು ಕಟ್ಟಿದವರಲ್ಲಿ ಬಹಳ ಜನ ಯಹೂದಿಗಳು. ಪಾಲ್ ನಿಕೊಲಾಸ್ ಒಳ್ಳೆಯ ಕಾನ್ಫೆರಾನ್ಸಿಯೆ, ರಾಜಕೀಯ ಮಾತಾಡುವುದರಲ್ಲಿ ಚೂಪು. 1933ರಲ್ಲಿ ಸ್ವಿಟ್ಜರ್ಲೆಂಡಿಗೆ ಓಡಿಹೋಗಿ ಅಲ್ಲೇ ಜೀವ ಕಳೆದುಕೊಂಡ. 'ಹಾಸ್ಯಗಾರರ ಕಬರೆಟ್' 1924ರಲ್ಲಿ ಶುರುವಾಗಿ ಆಮೇಲೆ ಬರ್ಲಿನ್ನಿನ ದೊಡ್ಡ ಬೀದಿಯಲ್ಲಿ ಸ್ವಂತ ರಂಗಮಂದಿರ ಪಡೆದದ್ದು. ಅದನ್ನು ಶುರು ಮಾಡಿದ ಮೂವರಲ್ಲಿ ಒಬ್ಬನಾದ ಪಾಲ್ ಮಾರ್ಗನ್ 1938ರಲ್ಲಿ ಬುಖೆನ್‌ವಾಲ್ಡ್ ಶಿಬಿರದಲ್ಲಿ ಸತ್ತ. ಕುರ್ಟ್ ಗೆರ್ರನ್ ದಪ್ಪ ದೇಹದ, ಗಡಸು ದನಿಯ ನಟ. ಹೆಸ್ಟರ್‌ಬೆರ್ಗ್‌ಳ ನೆಲಮಾಳಿಗೆಯಲ್ಲಿ ಹಾಡಿದವನು, 1928ರಲ್ಲಿ ಬ್ರೆಖ್ಟ್‌ನ ನಾಟಕದಲ್ಲೂ ಹಾಡಿದವನು. ಟೆರೆಜಿನ್‌ಶ್ಟಾಟ್ ಶಿಬಿರದಲ್ಲಿ ಅವನಿಂದ ಕಬರೆಟ್ ಮಾಡಿಸಿದರು, ಅಲ್ಲಿ ಎಲ್ಲ ಚೆನ್ನಾಗಿದೆ ಅಂತ ತೋರಿಸುವ ಚಿತ್ರವನ್ನೂ ತೆಗೆಸಿದರು. 1944ರ ಅಕ್ಟೋಬರಿನಲ್ಲಿ ಆಶ್ವಿಟ್ಸ್‌ಗೆ ಕಳಿಸಿ ಕೊಂದರು. ಮ್ಯಾಕ್ಸ್ ಎರ್ಲಿಖ್ ಮತ್ತು ವಿಲ್ಲಿ ರೋಜೆನ್ ಹಾಲೆಂಡಿನ ವೆಸ್ಟರ್‌ಬೋರ್ಕ್ ಶಿಬಿರದಲ್ಲಿ ಪ್ರದರ್ಶನ ನಡೆಸಿದರು. ಅಲ್ಲಿಂದ ಪೂರ್ವದ ಸಾವಿನ ಶಿಬಿರಗಳ ಕಡೆಗೆ ರೈಲು ಹೊರಡುತ್ತಿದ್ದದ್ದು ಹೆಚ್ಚಾಗಿ ಮಂಗಳವಾರ ಬೆಳಗ್ಗೆ. ಸಂಜೆ ಉಳಿದವರಿಗೆ ಹಾಡು, ಜೋಕು. ಶಿಬಿರದ ಅಧಿಕಾರಿ ಮುಂದಿನ ಸಾಲಿನಲ್ಲಿ ಕೂತು ನಗುತ್ತಿದ್ದ. ಇಬ್ಬರೂ 1944ರಲ್ಲಿ ಅದೇ ರೈಲು ಹತ್ತಿದರು.

ವಿಯೆನ್ನಾದ ಫ್ರಿಟ್ಸ್ ಗ್ರುನ್‌ಬಾಮ್ ಬರ್ಲಿನ್ನಿನಲ್ಲೂ ಹೆಸರು ಮಾಡಿದವನು. ಒಂದು ರಾತ್ರಿ ವೇದಿಕೆಯ ಮೇಲಿದ್ದಾಗ ಕರೆಂಟ್ ಹೋಯಿತಂತೆ. ಕತ್ತಲಲ್ಲಿ ಅವನ ದನಿ: "ಏನೂ ಕಾಣ್ತಿಲ್ಲ, ಏನೇನೂ ಕಾಣ್ತಿಲ್ಲ. ನಾಟ್ಸಿ ಸಂಸ್ಕೃತಿಯೊಳಗೆ ಕಾಲಿಟ್ಟಿರಬೇಕು." ನಾನು ಕತ್ತಲಲ್ಲಿ ಇಪ್ಪತ್ತು ನಿಮಿಷ ಒದ್ದಾಡಿದವನು. ಈ ಒಂದು ಸಾಲಿನ ಮುಂದೆ ನನ್ನ ಇಪ್ಪತ್ತು ನಿಮಿಷ ಏನೂ ಅಲ್ಲ. ಅವನು ಡಾಖೌ ಶಿಬಿರದಲ್ಲಿ 1941ರ ಜನವರಿಯಲ್ಲಿ ತೀರಿಕೊಂಡ.

ಈಗ ಆ ತೂತಿಗೆ ಬರೋಣ. ಕಬರೆಟ್ ಇಲ್ಲದೆ ರಾಜಧಾನಿ ಬಿಕೋ ಅನ್ನುತ್ತದೆ ಅಂತ ನಾಟ್ಸಿಗಳಿಗೂ ಗೊತ್ತಿತ್ತು. 'ಒಳ್ಳೆಯದನ್ನೇ ಹೇಳುವ ಕಬರೆಟ್' ಮಾಡಿಸಿ ನೋಡಿದರು. ಯಾರೂ ನಗಲಿಲ್ಲ. ಜೋಕಿನಲ್ಲಿ ರಾಜಕೀಯ ಬೇಡ ಅಂದರು. ರಾಜಕೀಯ ಬಿಟ್ಟವನು ಹವಾಮಾನದ ಬಗ್ಗೆ ಮಾತಾಡಿದ, ಜನ ಅದಕ್ಕೂ ನಕ್ಕರು. ಬೆಣ್ಣೆ ಸಿಗುತ್ತಿಲ್ಲ ಅಂದರೆ ನಗು. ನಿಟ್ಟುಸಿರು ಬಿಟ್ಟರೂ ನಗು. ಕಡೆಗೆ 1941ರ ಶುರುವಿನಷ್ಟರಲ್ಲಿ ಗೋಬೆಲ್ಸ್ ಇಡೀ ಕಸುಬನ್ನೇ ನಿಷೇಧಿಸಿದ. ವೇದಿಕೆಯಲ್ಲಿ ಹಾಡಬಹುದು, ಜಾದೂ ಮಾಡಬಹುದು, ಕುಣಿಯಬಹುದು. ನಡುವೆ ನಿಂತು ಮಾತಾಡುವಂತಿಲ್ಲ. ಮೈ ತೋರಿಸುವ ಕುಣಿತ ಆ ಸರ್ಕಾರದಲ್ಲಿ ಯುದ್ಧದ ಕಾಲದಲ್ಲೂ ನಡೆಯಿತು. ಮಾತಾಡುವವನಿಗೆ ಮಾತ್ರ ಬಾಗಿಲು ಮುಚ್ಚಿತು. ಅಮ್ಮನಿಗೆ ಇದನ್ನು ಹೇಳಿದೆ. ಸ್ವಲ್ಪ ಯೋಚಿಸಿ, "ಹಾಗಾದ್ರೆ ಹೋಗಿ ಮಾತಾಡು" ಅಂದರು.

ಇಷ್ಟೆಲ್ಲ ಗಂಡಸರ ಬಗ್ಗೆ ಹೇಳಿದೆ. ಕಟಕೊಂಬೆಯಲ್ಲಿ ಕೊನೆಯ ದಿನಗಳಲ್ಲಿ ಒಬ್ಬ ಹುಡುಗಿ ಇದ್ದಳು. ಇಜಾ ಫೆರ್ಮೇರೆನ್, 1918ರಲ್ಲಿ ಲ್ಯೂಬೆಕ್‌ನಲ್ಲಿ ಹುಟ್ಟಿದವಳು. ನಾಟ್ಸಿ ಧ್ವಜಕ್ಕೆ ಕೈ ಎತ್ತಲು ಒಪ್ಪದೆ 1933ರಲ್ಲಿ ಶಾಲೆಯಿಂದ ಹೊರಬಿದ್ದಳು. ಬರ್ಲಿನ್ನಿಗೆ ಬಂದು ಹದಿಹರೆಯದಲ್ಲೇ ಫಿಂಕ್‌ನ ವೇದಿಕೆ ಹತ್ತಿದಳು. ಕೈಯಲ್ಲಿ ಒಂದು ಅಕಾರ್ಡಿಯನ್, ಅದಕ್ಕೆ ಅಗಾಟೆ ಅಂತ ಹೆಸರು. ನಾವಿಕರ ಹಾಡೊಂದನ್ನು ಮುಖದಲ್ಲಿ ಒಂದು ಗೆರೆ ಕದಲಿಸದೆ ಹಾಡುತ್ತಿದ್ದಳು. 1944ರಲ್ಲಿ ಅವಳ ಅಣ್ಣತಮ್ಮಂದಿರಲ್ಲಿ ಒಬ್ಬ ಬ್ರಿಟಿಷರ ಕಡೆ ಸೇರಿಕೊಂಡ. ಮನೆಯವರನ್ನೆಲ್ಲ ಹಿಡಿದರು. ಅವಳು ರಾವೆನ್ಸ್‌ಬ್ರುಕ್, ಬುಖೆನ್‌ವಾಲ್ಡ್, ಡಾಖೌ ಮೂರನ್ನೂ ನೋಡಿದಳು. ಬದುಕಿ ಬಂದಳು. 1951ರಲ್ಲಿ ಕ್ಯಾಥೊಲಿಕ್ ಸನ್ಯಾಸಿನಿಯಾದಳು, ಶಾಲೆ ನಡೆಸಿದಳು.

ಜರ್ಮನ್ ಟಿವಿಯಲ್ಲಿ ಶನಿವಾರ ರಾತ್ರಿ ಒಂದು ಪುಟ್ಟ ಕಾರ್ಯಕ್ರಮ ಬರುತ್ತದೆ. ಯಾರಾದರೂ ಪಾದ್ರಿಯೋ ಸನ್ಯಾಸಿನಿಯೋ ಬಂದು ಮರುದಿನದ ಭಾನುವಾರಕ್ಕೆ ನಾಲ್ಕೈದು ನಿಮಿಷ ಮಾತಾಡಿ ಹೋಗುತ್ತಾರೆ. 1983ರಿಂದ ಹತ್ತಕ್ಕೂ ಹೆಚ್ಚು ವರ್ಷ ಅಲ್ಲಿ ಕಾಣಿಸಿಕೊಂಡವರಲ್ಲಿ ಈ ಇಜಾ ಕೂಡ ಒಬ್ಬಳು. ವಯಸ್ಸಾದ ಸನ್ಯಾಸಿನಿ, ತಲೆಗೆ ಮುಸುಕು. ಒಂದು ಕಾರ್ಯಕ್ರಮ ಮುಗಿದು ಇನ್ನೊಂದು ಶುರುವಾಗುವ ಮೊದಲು, ನಡುವೆ ಬಂದು ಕೂತು, ನೇರ ಕ್ಯಾಮೆರಾ ನೋಡಿಕೊಂಡು ಮಾತಾಡುತ್ತಿದ್ದಳು.